ಆ ಕಡೆಯ ಕೀಬೋರ್ಡ್

ಮತ್ತೆ ಅದೇ ಬೂದು ಚೌಕ, ರಿಮೋಟ್ ಕಂಪ್ಯೂಟರ್ ಸಿಗುತ್ತಿಲ್ಲ, ಸಿಗುತ್ತಿಲ್ಲ ಅಂದರೆ ಸತ್ತಿದೆಯೋ ನಿದ್ದೆ ಹೋಗಿದೆಯೋ ಅಷ್ಟಾದರೂ ಬೊಗಳಬಾರದೇ ಎಂದು ಕಂಪ್ಯೂಟರ್ ಸಹಾಯವಾಣಿಯಲ್ಲಿ ಕೂತ ಅವಳು ಮೌಸನ್ನು ಮೇಜಿಗೆ ಕುಟ್ಟಿದಳು, ಹೆಡ್‌ಫೋನಿನೊಳಗೆ ಟೈಲ್ಸ್ ಗೋದಾಮಿನ ಗುಮಾಸ್ತೆಯ ಉಸಿರು, ಚಿಕ್ಕ ಚಿಕ್ಕ ಉಸಿರು, ಓಡಿ ಬಂದವಳ ಹಾಗೆ, ಆದರೆ ಕುರ್ಚಿಯಲ್ಲೇ ಕೂತಿದ್ದಾಳಲ್ಲ — ಮೇಡಂ ಸ್ವಲ್ಪ ಬೇಗ, ಯಜಮಾನ್ರು ಇಲ್ಲೇ ನಿಂತಿದ್ದಾರೆ. ನಿಂತಿರಲಿ, ಇಂಥ ಮುದಿ ಕಂಪ್ಯೂಟರ್ ಇಟ್ಟುಕೊಂಡು ಬೇಗ ಅಂದರೆ ಬೇಗ ಎಲ್ಲಿಂದ ಬರಬೇಕು, ಹಿಂದುಗಡೆ ಕೇಬಲ್ ಅಲ್ಲಾಡಿಸಿ, ಹಸಿರು ದೀಪ ಮಿನುಗ್ತಾ ಇದೆಯಾ, ಇದೆ, ಹಾಗಾದರೆ ಹೊರಗಿನವರನ್ನ ತಡೆಯೋ ಫೈರ್‌ವಾಲ್ ಅಡ್ಡ ನಿಂತಿದೆ, ಸೆಟಿಂಗ್ಸ್‌ನಲ್ಲಿ ರಿಮೋಟ್ ಅಂತಿರೋ ಕಡೆ ಟಿಕ್ ಹಾಕಿ, ಎಲ್ಲಿ ಮೇಡಂ, ಕೆಳಗೆ, ಇನ್ನೂ ಕೆಳಗೆ, ಹಿಂದಿನಿಂದ ಗಂಡಸಿನ ದನಿ — ಒಂದು ಗುಂಡಿ ಒತ್ತೋಕೆ ಬರಲ್ವೇನೇ ನಿಂಗೆ — ಆಮೇಲೆ ಚಟ್, ಫೈಲು ಬಿತ್ತೇನೋ, ಫೈಲು ಬಿದ್ದರೆ ಹಾಗೆ ಕೇಳುವುದಿಲ್ಲ, ಚರ್ಮದ ಮೇಲೆ ಚರ್ಮ ಬಿದ್ದರೆ ಹೇಗೆ ಕೇಳುತ್ತದೆಂದು ಅವಳಿಗೆ ಗೊತ್ತು, ಚಿಕ್ಕವಳಿದ್ದಾಗ ಅಕ್ಕನ ಅಡುಗೆಮನೆ, ಭಾವ ಅಕ್ಕನ ಜುಟ್ಟು ಹಿಡಿದು ಮುಖವನ್ನು ಗೋಡೆಗೆ ಉಜ್ಜುತ್ತಿದ್ದಾನೆ, ಅಕ್ಕ ಅಳುತ್ತಿಲ್ಲ, ಸುಣ್ಣ ಮಾತ್ರ ಉದುರುತ್ತಿದೆ, ಸ್ಕೂಲ್ ಬ್ಯಾಗ್ ಬಿಸಾಕಿ ಇವಳು ಹಾರಿ ಭಾವನ ಮಣಿಕಟ್ಟಿಗೆ ಬಾಯಿ ಹಾಕಿದ್ದಳು, ಮೂಳೆ ತಾಗುವವರೆಗೂ, ಬಾಯಿತುಂಬ ಉಪ್ಪುಪ್ಪು ಬಿಸಿ, ಬಿಡೇ ಮಾರಿ ಬಿಡೇ, ಬಿಡಲಿಲ್ಲ — ಇಲ್ಲಿ ಬಾಯಿ ಹಾಕೋಕೆ ಏನಿದೆ, ಎಲ್ಲಿಂದಲೋ ಎಲ್ಲಿಗೋ ಎಳೆದ ಒಂದು ತಂತಿ.

ಮೇಡಂ ಇದೀರಾ, ಇದೀನಿ ಕಣಮ್ಮಾ, ಹೊಡೀತಾನಾ ಅವ್ನು, ಹೌದು ಇಲ್ಲ ಅಷ್ಟೇ ಹೇಳು, ಹೌದು ಮೇಡಂ, ಟಿಕ್ ಹಾಕಿದೀನಿ. ಮೈಕ್ ಮುಚ್ಚಿ ಪಕ್ಕದ ಮೇಜಿನವನಿಗೆ ಪೊಲೀಸರಿಗೆ ಫೋನ್ ಹಚ್ಚೋ ಅಂದಳು, ಗೋದಾಮಿನ ವಿಳಾಸ ಪರದೆ ಮೇಲಿದೆ ನೋಡು, ನಮಗ್ಯಾಕೆ ಬೇಕು ಊರ ಉಸಾಬರಿ ಅಂದ, ಅವನ ಟೀ ಕಪ್ಪನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದಳು, ಚೂರು ಅವನ ಕಾಲಿಗೆ ಸಿಡಿಯಿತು, ಈಗ ಬೇಕಾ, ಹಚ್ಚಿದ. ಆ ಹಳೆಯ ಕಂಪ್ಯೂಟರಿಗೆ ಹೊಸ ಭದ್ರತೆಯ ಭಾಷೆ ತಿಳಿಯುವುದಿಲ್ಲ, ಅದಕ್ಕೇ ಸಂಪರ್ಕವನ್ನು ಒದೆಯುತ್ತಿದೆ, ಈ ಕಡೆಯ ಭದ್ರತೆಯನ್ನು ಒಂದು ಮೆಟ್ಟಿಲು ಇಳಿಸು, ಇಳಿಸಿದಳು, ಒತ್ತಿದಳು, ಪರದೆ ಕಪ್ಪಾಗಿ ಬೆಳಗಿ ಗೋದಾಮಿನ ಕಂಪ್ಯೂಟರ್ ಕಣ್ಣು ಬಿಟ್ಟಿತು, ಇಬ್ಬರಿಗೂ ಕಾಣುವ ಒಂದೇ ಪರದೆ, ಅದರಲ್ಲೊಂದು ಖಾಲಿ ಹಾಳೆ, ಸಿಕ್ತು ಕಣಮ್ಮಾ ಅನ್ನುವಷ್ಟರಲ್ಲಿ ಧಡ್, ಆ ಕಡೆ ಫೋನ್ ನೆಲಕ್ಕೆ ಬಿತ್ತು, ಹಾಳೆಯ ಮೇಲೆ ಜಜಜಜಜಜ, ಯಾರು ಹೀಗೆ ಟೈಪ್ ಮಾಡುತ್ತಾರೆ, ಬೆರಳಲ್ಲ, ಕೆನ್ನೆ, ಆಕೆಯ ಮುಖವನ್ನು ಕೀಬೋರ್ಡಿಗೆ ಒತ್ತಿ ಹಿಡಿದಿದ್ದಾನೆ, ಎತ್ತಿ ಮತ್ತೆ ಕುಕ್ಕಿದ, ಒಂದು ಖಾಲಿ ಜಾಗ, ಮತ್ತೆ ಜಜಜಜ, ಅವಳು ತನ್ನ ಕಂಪ್ಯೂಟರಿನಲ್ಲೇ ಬರೆದು ಪರದೆ ತುಂಬುವಷ್ಟು ದಪ್ಪ ಅಕ್ಷರ ಮಾಡಿ ಆ ಹಾಳೆಯಲ್ಲಿ ಅಂಟಿಸಿದಳು — ಕೈ ತೆಗೆಯೋ. ನೋಡ್ತಾ ಇದೀನಿ. ಪೊಲೀಸರು ಹೊರಟಾಯ್ತು. ಯಾವಳೇ ಅವಳು, ನೆಲದ ಫೋನಿನಿಂದ ಅವನ ದನಿ, ಗೋಡೆ ಕಡೆ ತಿರುಗಿ ಕೇಳಿದ ಹಾಗೆ, ಯಾವಳೇ, ಕುರ್ಚಿ ಉರುಳಿತು, ಬೂಟು ಓಡಿತು, ಶಟರ್ ದಡದಡ. ಆಮೇಲೆ ಏನೋ ತೆವಳುವ ಸದ್ದು. ಮೇಡಂ, ಹೋದ್ರು. ಬಾಗಿಲು ಹಾಕ್ಕೋ, ಪೊಲೀಸರು ಬಂದು ಹೆಸರು ಹೇಳೋವರೆಗೂ ತೆಗೀಬೇಡ, ಮೊದಲು ಆ ಕೀಬೋರ್ಡ್ ಬಿಟ್ಟು ಈಚೆ ಬಾ ತಾಯಿ. ಬಿಟ್ಟಿದೀನಿ ಮೇಡಂ, ಮಾತು ಗಾಳಿಯಾಗಿ ಸೋರುತ್ತಿದೆ, ಗೋಡೆ ಹತ್ರ ಕೂತಿದೀನಿ. ಮತ್ತೆ ಹಾಳೆಯ ಮೇಲಿನ ಆ ಜಜಜ ಯಾಕೆ ನಿಲ್ಲುತ್ತಿಲ್ಲ, ಸಾಲು ತುಂಬಿ ಕೆಳಗಿನ ಸಾಲು, ಅದೂ ತುಂಬಿ ಇನ್ನೊಂದು, ಅಲ್ಲಿ ಬೇರೆ ಯಾರಮ್ಮಾ ಇದಾರೆ — ಯಾರೂ ಇಲ್ಲ ಮೇಡಂ, ಅದು ನನ್ನ ಮುಂದಿನ ಹಲ್ಲು, ಕೀ ಸಂದೀಲಿ ಸಿಕ್ಕೊಂಡಿದೆ — ಜಜಜಜಜಜಜಜ