ಮುಖವಿಲ್ಲದ ಹನ್ನೊಂದು ನಿಮಿಷ

ಗಿರಣಿಗೆ ಬೀಗ ಬಿದ್ದು ಇಪ್ಪತ್ತು ವರ್ಷವಾದ ಮೇಲೆ ಅದಕ್ಕೆ ಸುಣ್ಣಬಣ್ಣ ಬಳಿದು ಮ್ಯೂಸಿಯಂ ಮಾಡಿದರು. ಅಲ್ಲಿಯ ಮಗ್ಗಗಳ ಮುಂದೆ ಜೀವ ತೇದ ಅಕ್ಕತಂಗಿಯರಿಗೆ ಗಿರಣಿಯವರ ಬಾಯಲ್ಲಿ ದೊಡ್ಡಕ್ಕ, ಸಣ್ಣಕ್ಕ ಎಂದೇ ಹೆಸರು. ದೊಡ್ಡಕ್ಕ ಹೋದ ವರ್ಷ ತೀರಿಕೊಂಡಳು. ಸಣ್ಣಕ್ಕ ಇಂದು ಮಗಳ ಜೊತೆ ಟಿಕೆಟ್ ಕೊಂಡು ಒಳಗೆ ಬಂದಿದ್ದಳು.

ಅವಳ ಎರಡೂ ಕಿವಿಗಳನ್ನು ತಿಂದದ್ದು ಅದೇ ಮಗ್ಗಗಳು. ಇನ್ನೂರು ಮಗ್ಗಗಳ ಆರ್ಭಟದಲ್ಲಿ ಕೂಗಿಯೂ ಉಪಯೋಗವಿರಲಿಲ್ಲ. ಹೆಂಗಸರು ಸದ್ದಿಲ್ಲದೆ ತುಟಿಯಲ್ಲೇ ಮಾತಾಡುತ್ತಿದ್ದರು. ಮೇಸ್ತ್ರಿಯನ್ನು ಬೈಯುವುದೂ ತುಟಿಯಲ್ಲೇ, ಅವನ ಎದುರಿಗೇ.

ಮುಷ್ಕರದ ನಲವತ್ತನೇ ದಿನ ದೊಡ್ಡಕ್ಕ ಎಲ್ಲರನ್ನೂ ಬಿಟ್ಟು ಕೆಲಸಕ್ಕೆಂದು ಗೇಟಿನೊಳಗೆ ಹೋಗಿಬಿಟ್ಟಿದ್ದಳು. ಅಂದಿನಿಂದ ತಂಗಿ ಅವಳೊಡನೆ ಮಾತು ಬಿಟ್ಟಳು, ಮಣ್ಣಿಗೂ ಹೋಗಲಿಲ್ಲ. ಮೊನ್ನೆ ಹಳೆಯ ಜೊತೆಗಾತಿಯೊಬ್ಬಳು ಬಂದು, "ಮ್ಯೂಸಿಯಂನಲ್ಲಿ ನಿಮ್ಮಕ್ಕನ ಫಿಲಂ ಹಾಕಿದಾರೆ ಕಣೆ. ಆವತ್ತು ಯಾಕೆ ಒಳಗೆ ಹೋದೆ ಅಂತ ಹೇಳ್ತಾಳಂತೆ. ನನ್ನ ಕಿವೀನೂ ನಿನ್ನ ಕಿವಿ ಹಾಗೇ, ನೀನೇ ಹೋಗಿ ನೋಡು" ಎಂದಿದ್ದಳು.

ಮೂಲೆಯ ಕೋಣೆಯ ಪರದೆಯ ಮೇಲೆ ಎರಡು ಕೈಗಳು ಹರಿದ ನೂಲಿಗೆ ಗಂಟು ಹಾಕುತ್ತಿದ್ದವು. ಅಕ್ಕನ ಕೈಗಳೇ. ಸಣ್ಣಕ್ಕ ಮುಖಕ್ಕಾಗಿ ಕಾದಳು. ಬರಲಿಲ್ಲ. ಹನ್ನೊಂದು ನಿಮಿಷವೂ ಬರೀ ಕೈ. ಮಾತೆಲ್ಲ ಗೋಡೆಗೆ ತೂಗುಹಾಕಿದ ಫೋನಿನಂಥ ರಿಸೀವರಿನಲ್ಲಿ. ಅದನ್ನು ಕಿವಿಯ ಮಿಷನ್ನಿಗೆ ಒತ್ತಿದರೆ ಕುಂಯ್ ಎಂದು ಸೀಟಿ.

ಬಾಗಿಲಲ್ಲಿ ಕಿವಿಯ ಚಿತ್ರದ ಬೋರ್ಡಿತ್ತು: 'ಶ್ರವಣಯಂತ್ರ ಬಳಸುವವರಿಗೆ ವಿಶೇಷ ಸೌಲಭ್ಯ'. ಅದನ್ನು ತೋರಿಸಿ ಕೇಳಿದರೆ ಮೇಲ್ವಿಚಾರಕ ಮಗಳ ಕಡೆ ನೋಡಿ ಹೇಳಿದ, "ಅದು ಮಾತನ್ನ ನೇರ ಕಿವಿ ಮಿಷನ್ನಿಗೇ ಕಳಿಸೋ ನೆಲದೊಳಗಿನ ವೈರು ಮೇಡಂ. ಟೈಲ್ಸ್ ಬದಲಾಯಿಸುವಾಗ ಕಟ್ ಆಯ್ತು. ಬೋರ್ಡ್ ಉಳೀತು."

"ನನ್ನ ಕಡೆ ತಿರುಗಿ ಹೇಳಪ್ಪ," ಎಂದಳು ಸಣ್ಣಕ್ಕ. "ಮೊದಲೇ ನಿನ್ನ ಮೀಸೆ ಅರ್ಧ ಮಾತು ನುಂಗ್ತಿದೆ."

ಅವನು ತಿರುಗಿದ, ಗಂಟಲು ಹರಿಯುವಂತೆ ಕೂಗತೊಡಗಿದ. ಬಂದವರೆಲ್ಲ ಇವಳನ್ನೇ ನೋಡಿದರು.

"ಅವಳು ಹೇಳಿದ್ದನ್ನ ಬರೆದಿಟ್ಟ ಕಾಗದ ಇಲ್ವಾ?"

"ಇಲ್ಲಮ್ಮ."

"ಪರದೆ ಮೇಲೆ ಅಕ್ಷರ?"

"ಅಕ್ಷರ ಹಾಕಿದ್ರೆ ಚಿತ್ರದ ಅಂದ ಕೆಡುತ್ತೆ ಅಂದ್ರು, ಫಿಲಂ ಮಾಡಿದೋರು."

"ಮುಖ ಇರೋ ಫಿಲಂ ಎಲ್ಲಾದ್ರೂ ಇಟ್ಟಿರ್ತಾರಲ್ಲ, ಅದನ್ನ ತೋರಿಸು. ಸದ್ದು ಬೇಡ ನಂಗೆ, ತುಟಿ ಸಾಕು."

"ಕ್ಯಾಮೆರಾನ ಮುಖದ ಕಡೆ ತಿರುಗಿಸ್ಲೇ ಇಲ್ವಂತೆ. ಬರೀ ಕೈ ತೋರಿಸಿದ್ರೆ ದುಡಿಮೆಗೆ ಗೌರವ ಅಂತ. ಸಲಹೆ ಪುಸ್ತಕ ಇದೆ, ಬರೆದು ಹೋಗಿ."

ದುಡಿದವಳಿಗೆ ಬಾಯಿಯೂ ಒಂದಿತ್ತು ಎಂಬುದು ಗೌರವ ತೋರಿಸಿದವರಿಗೆ ಹೊಳೆದಿರಲಿಲ್ಲ. ಗಿರಣಿಯ ಅಭ್ಯಾಸ ಸಾಯುವವರೆಗೂ ಬಿಡುವುದಿಲ್ಲ; ಅಕ್ಕ ಆಚೆಯ ಮಗ್ಗಕ್ಕೆ ತಲುಪುವಂತೆ ತುಟಿ ಬಿಡಿಸಿ ಬಿಡಿಸಿಯೇ ಹೇಳಿರುತ್ತಾಳೆ. ಅದನ್ನು ಓದಬಲ್ಲವಳು ಎದುರಿಗೇ ನಿಂತಿದ್ದಳು. ಓದಲು ಏನೂ ಇರಲಿಲ್ಲ.

ಮಗಳು ರಿಸೀವರ್ ತೆಗೆದುಕೊಂಡಳು. ಸಣ್ಣಕ್ಕ ಅವಳ ಮುಖವನ್ನೇ ನೋಡುತ್ತ ನಿಂತಳು. ಮೊದಲು ನಗು. ಆಮೇಲೆ ಹುಬ್ಬು ಗಂಟಾಯಿತು. ಕೆಳತುಟಿ ಹಲ್ಲಿಗೆ ಸಿಕ್ಕಿತು.

"ಏನಂತೆ?"

"ಆಮೇಲೆ ಹೇಳ್ತೀನಿ ಬಿಡಮ್ಮ."

ಮದುವೆ ಮನೆಯಲ್ಲಿ, ಆಸ್ಪತ್ರೆಯಲ್ಲಿ, ನಾಲ್ಕು ಜನ ಸೇರಿ ನಕ್ಕಲ್ಲೆಲ್ಲ ಅವಳ ಪಾಲಿಗೆ ಬಂದ ಮಾತದು. ಆ 'ಆಮೇಲೆ' ಎಂದೂ ಬಂದದ್ದಿಲ್ಲ.

"ಈಗ್ಲೇ ಹೇಳು."

ಮಗಳು ತುಟಿ ತೆರೆದಳು. "ಆವತ್ತು ನಂಗೆ ಜ್ವರ ನೆತ್ತಿಗೇರಿತ್ತಂತೆ. ನನ್ನ ಔಷಧಿ ದುಡ್ಡಿಗೋಸ್ಕರ ಗೇಟೊಳಗೆ ಹೋದ್ಲಂತೆ ದೊಡ್ಡಮ್ಮ. ನಿಂಗೆ ಗೊತ್ತಾಗಬಾರದು ಅಂತ ಅಪ್ಪನ ಕೈಲಿ..."

ಮುಂದಿನದು ಕಾಣಲಿಲ್ಲ. ಮಗಳು ಗೋಡೆಗೆ ಹಣೆ ಒತ್ತಿಬಿಟ್ಟಿದ್ದಳು. ಬೆನ್ನು ಅದುರುತ್ತಿತ್ತು. ಅಳುತ್ತ ಹೇಳುತ್ತಿದ್ದಾಳೋ, ಬರೀ ಅಳುತ್ತಿದ್ದಾಳೋ ತಿಳಿಯಲಿಲ್ಲ. ಮೇಲ್ವಿಚಾರಕ ಹೊತ್ತಾಯಿತೆಂದು ಕೈಗಡಿಯಾರ ತಟ್ಟಿ ತೋರಿಸಿದ.

"ಅಪ್ಪನ ಕೈಲಿ ಏನು?" ಸಣ್ಣಕ್ಕ ಭುಜ ಹಿಡಿದೆಳೆದಳು. "ಈ ಕಡೆ ತಿರುಗಿ ಅಳೇ. ತಿರುಗೇ."