ಜಡೆ ಅಂಚು

“ಅಂಗಡಿ ತೆಗಿತೀಯೇನೇ ಮುಂಡೆ? ನಾನು ಹಾಕಿದ್ದು ತಿಂದು, ನನಗೇ ಎದುರು ಅಂಗಡಿ?”

ಮಾಲೀಕ ಒದ್ದ ಬುಟ್ಟಿ ಅತ್ತಿಗೆಯ ಮೊಣಕಾಲಿಗೆ ಬಡಿದು ಉರುಳಿತು. ಅವಳು ತಲೆ ಎತ್ತಲಿಲ್ಲ. ನೆನೆಸಿದ ಬೆತ್ತದ ಸೀಳನ್ನು ಒಣಗುವ ಮೊದಲೇ ಬಾಗಿಸಬೇಕು. ಬೈಗುಳ ಬಂತೆಂದು ಕೈ ನಿಲ್ಲಿಸುವಂತಿಲ್ಲ.

ಅವನ ಶೆಡ್ಡಿನಲ್ಲಿ ಕೂಲಿಗೆ ಬುಟ್ಟಿ ಹೆಣೆಯುವ ಹೆಂಗಸರೆಲ್ಲ ಕೈ ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು. ಅಂಗಡಿಯೆಂದರೆ ನನ್ನ ಫೋನಿನಲ್ಲಿದ್ದ ಒಂದು ಪುಟ. ರಜೆಯ ದಿನ ಮನೆಯಲ್ಲಿ ಹೆಣೆದ ಬುಟ್ಟಿಗಳನ್ನು ಕಿಟಕಿಯ ಬೆಳಕಿಗಿಟ್ಟು ಫೋಟೋ ತೆಗೆದು ಹಾಕಿದ್ದೆವು. ಮೊದಲ ಬುಟ್ಟಿ ಕೊಂಡವಳು, ಇದನ್ನು ಹೆಣೆದವರು ಯಾರು ಎಂದು ಬರೆದು ಕೇಳಿದ್ದಳು. ಅತ್ತಿಗೆ ಆ ಸಾಲನ್ನು ನನ್ನಿಂದ ಮತ್ತೆ ಮತ್ತೆ ಓದಿಸಿದ್ದಳು. ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ.

“ಮನೇಲಿ ಮಾಡಿದ್ದು, ಯಜಮಾನ್ರೇ. ಬೆತ್ತಾನೂ ನಾವೇ ತಂದಿದ್ದು,” ಎಂದೆ.

“ಬೆತ್ತ ನಿಮ್ದೇ ಕಣೇ. ಆ ಅಂಚು ಯಾರಪ್ಪಂದು?”

ಬುಟ್ಟಿಯ ಬಾಯಿಗೆ ಜಡೆಯಂತೆ ಸುತ್ತುವ ಆ ಅಂಚು ನಮ್ಮವ್ವ ತಾನೇ ಕಂಡುಕೊಂಡದ್ದು. ಸಾಯುವ ಮುಂಚೆ ಸೊಸೆಗೆ ಮಾತ್ರ ಹೇಳಿಕೊಟ್ಟಿದ್ದಳು. ನನಗೂ ಕಲಿಸಲಿಲ್ಲ; ಮದುವೆಯಾಗಿ ಹೋಗುವವಳ ಜೊತೆ ಗುಟ್ಟೂ ಮನೆ ಬಿಟ್ಟೀತೆಂದು. ಶೆಡ್ಡಿನ ಬುಟ್ಟಿಗಳಿಗೂ ಅದನ್ನು ಅತ್ತಿಗೆಯೊಬ್ಬಳೇ ಹಾಕುತ್ತಿದ್ದಳು.

“ನನ್ನ ಶೆಡ್ಡಲ್ಲಿ ಹೆಣೆದದ್ದೆಲ್ಲ ನಂದು. ಕದ್ದ ಮಾಲು ಅಂತ ಆ ಸೈಟಿನವ್ರಿಗೆ ಕಂಪ್ಲೇಂಟ್ ಕೊಟ್ಟಿದ್ದೀನಿ. ನೋಡ್ಕೋ ನಿನ್ ಅಂಗಡೀನ.”

ಫೋನ್ ತೆರೆದೆ. ಬುಟ್ಟಿಗಳಿರಲಿಲ್ಲ. ಅಂಗಡಿ ಮುಚ್ಚಲಾಗಿದೆ ಎಂಬ ಒಂದೇ ಸಾಲಿತ್ತು.

ಅತ್ತಿಗೆಯ ಕೈ ಆಗ ನಿಂತಿತು. “ಅತ್ತೆ ಕೈಯಿಂದ ನನ್ನ ಕೈಗೆ ಬಂದದ್ದು. ಕದ್ದೆ ಅಂತಾನಾ ಈ ಬೋಳಿಮಗ?”

ಮೆಲ್ಲಗೇ ಅಂದಳು. ಶೆಡ್ಡಿಗೆಲ್ಲ ಕೇಳಿಸಿತು.

“ಫೋನ್ ಹಿಡಿ. ಎಲ್ರಿಗೂ ಕಾಣೋ ಹಂಗೆ ಲೈವ್ ಹಾಕು.”

“ಅತ್ತಿಗೆ, ಅವ್ವನ ಗುಟ್ಟು ಅದು. ಅದನ್ನೂ ಕೊಟ್ರೆ ನಮ್ಮತ್ರ ಇನ್ನೇನಿದೆ?”

“ಗುಟ್ಟಾಗಿತ್ತು ಅಂತ್ಲೇ ಇವನು ನಂದು ಅಂದ. ಲೋಕಕ್ಕೆಲ್ಲ ಬರಲಿ. ಆಮೇಲೆ ಯಾರ್ಯಾರನ್ನ ಕಳ್ಳಿ ಅಂತಾನೋ ನೋಡ್ತೀನಿ.”

ಅವಳ ಬೆರಳುಗಳತ್ತ ಫೋನ್ ಹಿಡಿದೆ.

“ಮೂರು ಸೀಳು ತಗೊಳ್ಳಿ,” ಎಂದಳು ಅತ್ತಿಗೆ, ಕಾಣದ ಯಾರಿಗೋ. “ನಡುವಿಂದು ಕೆಳಗೆ ಬರ್ಬೇಕು. ಎಳೀಬೇಡಿ, ಮುರಿಯತ್ತೆ.”

“ನಿಲ್ಸೇ, ಲೌಡಿ!” ಮಾಲೀಕ ನನ್ನ ಮಣಿಕಟ್ಟು ಹಿಡಿದು ತಿರುಚಿದ. ನೋವಿಗೆ ಕಣ್ಣು ಕತ್ತಲಿಟ್ಟಿತು. ಫೋನನ್ನು ಇನ್ನೊಂದು ಕೈಗೆ ಬದಲಾಯಿಸಿದೆ. ಅವನ ಬೆನ್ನ ಹಿಂದೆ ಹೆಂಗಸರು ಒಬ್ಬೊಬ್ಬರಾಗಿ ಬೆತ್ತ ನೆನೆಸಿದ ತೊಟ್ಟಿಯಿಂದ ಮೂರು ಮೂರು ಸೀಳು ಎತ್ತಿಕೊಳ್ಳುತ್ತಿದ್ದರು.

ಅತ್ತಿಗೆ ಅವನತ್ತ ನೋಡಲೂ ಇಲ್ಲ.

“ಕಾಣ್ತಿದೆಯಾ? ಕಾಣ್ದಿದ್ರೆ ಹೇಳಿ, ಬಿಚ್ಚಿ ಇನ್ನೊಂದ್ಸಲ ತೋರಿಸ್ತೀನಿ.”