ಬೇಗ ಬಂದ ಚೆಕ್ಕು

"ಏಪ್ರಿಲ್ ಒಂದು, ಗುರುವಾರ," ಎಂದು ಮಾವ ಗಟ್ಟಿಯಾಗಿ ಓದಿದರು.

ಅವಳು ಕೆಂಪು ಪೆನ್ನಿನ ತುದಿಯನ್ನು ಚೌಕದ ಮೇಲಿಟ್ಟು ನೋಡಿದಳು. "ಗುರುವಾರ. ಸರಿ."

ಎರಡು ತಿಂಗಳಿಂದ ಆ ಪ್ರೆಸ್ಸಿನಲ್ಲಿ ಇದೇ ಪಾಠ. ಮುಂದಿನ ವರ್ಷದ ಕ್ಯಾಲೆಂಡರು, ಡೈರಿ; ಗೋಡೆಗೆ ಹಾಕುವುದು, ಮೇಜಿನ ಮೇಲಿಡುವುದು, ಜೇಬಿಗೆ ಹಿಡಿಸುವುದು. ಮೂಲಪ್ರತಿಯನ್ನು ಮಾವ ಓದುವುದು, ಕರಡಿನಲ್ಲಿ ಅವಳು ನೋಡಿ ತಿದ್ದುವುದು. ಮಾವ ಅಲ್ಲಿ ಯಾರಿಗೂ ಸ್ವಂತ ಮಾವನಲ್ಲ. ವಯಸ್ಸಿಗೆ ಬಂದ ಹೆಸರು ಅದು. ಅವಳಿಗೆ ಕೆಲಸದಿಂದ ಬಂದ ಹೆಸರು ತಿದ್ದಮ್ಮ.

ಟೀ ಬಂದಾಗ ಮಾವ ಕನ್ನಡಕ ತೆಗೆದು ಮೂಗು ಉಜ್ಜಿಕೊಂಡರು. "ರಜೆ ಯಾವತ್ತಿಂದಮ್ಮ?"

"ಬುಧವಾರದಿಂದ. ಗುರುವಾರ ಅಮ್ಮನ ಕಣ್ಣಿನ ಆಪರೇಷನ್ನು. ಆಮೇಲೆ ಹತ್ತು ದಿನ ಚಿಕ್ಕಮ್ಮನ ಮನೇಲೇ ಇರ್ಬೇಕು, ಆಸ್ಪತ್ರೆ ಆ ಊರಲ್ಲೇ ಅಲ್ವಾ. ಒಂದನೇ ತಾರೀಖು ನಾನಿಲ್ಲಿರಲ್ಲ ಅಂತ ಬಾಡಿಗೆ ಚೆಕ್ಕೂ ಶುಕ್ರವಾರಾನೇ ಕೊಟ್ಬಿಟ್ಟೆ. ಸಂಬಳ ಆದ್ಮೇಲೆ ಹಾಕ್ಕೊಳ್ಳಿ ಅಂತ ಹೇಳಿದೀನಿ."

"ಚೆಕ್ಕಿನ ಮೇಲೆ ಒಂದನೇ ತಾರೀಖು ಬರ್ದಿದೀಯ ತಾನೇ?"

ಅವಳು ಟೀ ಲೋಟ ಕೆಳಗಿಟ್ಟಳು. ಶುಕ್ರವಾರ ಬೆಳಿಗ್ಗೆ ಬಸ್ಸಿಗೆ ಹೊತ್ತಾಗಿತ್ತು. ಗೇಟಿನ ಕಂಬದ ಮೇಲೆ ಚೆಕ್ಕುಪುಸ್ತಕ ಇಟ್ಟು ಗೀಚಿ ಕೊಟ್ಟಿದ್ದಳು. ಏನು ಬರೆದಿದ್ದಳೋ ನೆನಪಿಗೇ ಬರಲೊಲ್ಲದು.

"ಅವತ್ತಿನ ತಾರೀಖು ಹಾಕಿದ್ರೆ ಅವರು ಯಾವಾಗ ಬೇಕಾದ್ರೂ ಹಾಕ್ಕೋಬಹುದು ಕಣಮ್ಮ," ಎಂದರು ಮಾವ. "ನೀನು ಬಾಯಲ್ಲಿ ಹೇಳಿದ್ದು ಬ್ಯಾಂಕಿಗೆ ಕೇಳ್ಸುತ್ತಾ? ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಾನೀಲಿ ಬಿತ್ತಂತೆ."

ಹೇಳಿದ ಮೇಲೆ ಅವಳ ಮುಖ ನೋಡಿ, ಹೇಳಬಾರದಿತ್ತು ಅನಿಸಿತೇನೋ, ತಮ್ಮ ಬಿಸ್ಕತ್ತನ್ನು ಅವಳ ಕಡೆ ಸರಿಸಿದರು.

ಖಾತೆಯಲ್ಲಿದ್ದುದು ಆಸ್ಪತ್ರೆಯ ಮುಂಗಡಕ್ಕೆ ಸಾಲುವಷ್ಟೇ. ಅದರ ಚೆಕ್ಕನ್ನು ಶನಿವಾರ ಅವಳೇ ಆಸ್ಪತ್ರೆಗೆ ಹೋಗಿ ಕೊಟ್ಟಿದ್ದಾಯಿತು. ಇನ್ನೆರಡು ದಿನದಲ್ಲಿ ಬ್ಯಾಂಕಿಗೆ ಬರಬೇಕು. ಅದಕ್ಕೂ ಮೊದಲು ಬಾಡಿಗೆಯದು ನುಗ್ಗಿದರೆ ಆಸ್ಪತ್ರೆಯದು ವಾಪಸ್ಸು. ಈ ಗುರುವಾರ ತಪ್ಪಿದರೆ ಡಾಕ್ಟರು ಮತ್ತೆ ಸಿಗುವುದು ಮೂರು ತಿಂಗಳಿಗೆ. ಅಮ್ಮನ ಒಂದು ಕಣ್ಣು ಹಿಂದೆಯೇ ಹೋಗಿದೆ. ಉಳಿದದ್ದಕ್ಕೂ ಮಬ್ಬು ಕವಿದು, ಈಗ ಲೋಟಕ್ಕೆ ನೀರು ಬಗ್ಗಿಸುವಾಗ ಬೆರಳು ಇಳಿಬಿಟ್ಟು ಅಳತೆ ನೋಡುತ್ತಾಳೆ.

ಮನೆಯ ಯಜಮಾನರಿಗೆ ಫೋನು ಮಾಡಿದಳು. ಎತ್ತಿದವರು ಅವರ ಹೆಂಡತಿ.

"ಫೋನು ಇಲ್ಲೇ ಮೇಜಿನ ಮೇಲಿದೆ ಕಣೇ, ಮನುಷ್ಯ ಮಾತ್ರ ಇಲ್ಲ. ಬ್ಯಾಂಕಿಗೆ ಹೋಗಿದಾರೆ. ಸೋಮವಾರ ಹತ್ತೂವರೆ ಅಂದ್ರೆ ಹತ್ತೂವರೆ, ನಿಂಗೊತ್ತಲ್ಲ."

ಗೊತ್ತಿತ್ತು. ಅವರು ರೈಲ್ವೆ ಸ್ಟೇಷನ್ ಮಾಸ್ಟರಾಗಿ ನಿವೃತ್ತರಾದವರು. ಈಗಲೂ ಗಡಿಯಾರ ನೋಡಿಕೊಂಡೇ ಹಲ್ಲುಜ್ಜುವವರು. ಅವಳು ಕೆಂಪು ಪೆನ್ನನ್ನು ಕೈಯಲ್ಲಿ ಹಿಡಿದೇ ಹೊರಟಳು. "ಮೇ ತಿಂಗಳು ನಾನೊಬ್ಬನೇ ನೋಡ್ಕೋತೀನಿ, ಹೋಗು," ಎಂದು ಮಾವ ಹಿಂದಿನಿಂದ ಕೂಗಿದ್ದು ಅರ್ಧ ಕೇಳಿಸಿತು.

ಬ್ಯಾಂಕಿನ ಹೊರಗಿನ ಕಲ್ಲುಬೆಂಚಿನ ಮೇಲೆ ಮಾಸ್ಟರು ಕುಳಿತಿದ್ದರು. ತೊಡೆಯ ಮೇಲೆ ಪಾಸ್‌ಬುಕ್ಕು, ಅದರ ಮೇಲೆ ಅವಳ ಚೆಕ್ಕು.

"ಸರ್, ಹಾಕ್ಬಿಟ್ರಾ?" ಎಂದಳು. ಉಸಿರು ಮೇಲಕ್ಕೆ ಬರುತ್ತಿರಲಿಲ್ಲ.

"ಕೂತ್ಕೋ ಮೊದ್ಲು." ಅವರು ಪಕ್ಕಕ್ಕೆ ಸರಿದರು. "ಹಾಕೋಕೆ ಅಂತಲೇ ಬಂದೆ. ನೀನು ಹೇಳಿದ್ದು ಮರ್ತೇ ಹೋಗಿತ್ತು ಮಾರಾಯ್ತಿ. ಪಾಸ್‌ಬುಕ್ಕಲ್ಲಿ ಚೆಕ್ಕಿತ್ತು, ಹೇಗೂ ಬಂದಿದೀನಲ್ಲ ಅಂತ ಕೊಟ್ಟೆ. ಕೌಂಟರಿನ ಹುಡುಗಿ ನೋಡಿ ನಕ್ಕುಬಿಟ್ಟಳು. 'ಅಂಕಲ್, ಇದನ್ನ ಹಾಕೋಕೆ ನೀವು ಇನ್ನೊಂದು ವರ್ಷ ಗಟ್ಟಿಯಾಗಿರ್ಬೇಕು' ಅಂದ್ಲು. ಗಟ್ಟಿಯಾಗೇ ಇರ್ತೀನಮ್ಮ, ಚೆಕ್ಕು ಕೊಡು ಅಂತ ಇಸ್ಕೊಂಡು ಬಂದೆ."

ಅವಳು ಚೆಕ್ಕನ್ನು ತೆಗೆದುಕೊಂಡಳು. ದಿನ ಶುಕ್ರವಾರದ್ದೇ. ತಿಂಗಳು ಇದೇ ತಿಂಗಳು. ವರ್ಷ ಮಾತ್ರ ಮುಂದಿನದು. ಎರಡು ತಿಂಗಳಿಂದ ದಿನಕ್ಕೆ ನೂರು ಸಲ ನೋಡುತ್ತಿದ್ದ ವರ್ಷ. ತನ್ನದೇ ಅಕ್ಷರದಲ್ಲಿ, ಗುಂಡಗೆ, ಯಾವ ಅನುಮಾನವೂ ಇಲ್ಲದ ಹಾಗೆ ಕುಳಿತಿತ್ತು. ಕೈಯಲ್ಲಿದ್ದ ಕೆಂಪು ಪೆನ್ನು ಅಭ್ಯಾಸಬಲದಿಂದ ಅದರ ಸುತ್ತ ಒಂದು ಸುತ್ತು ಹಾಕಿತು. ಆಮೇಲೆ ಅವಳಿಗೆ ನಗು ಬಂತು, ನಗುವಿನ ಜೊತೆಗೆ ಕಣ್ಣಲ್ಲಿ ನೀರೂ ಬಂತು. ಆಸ್ಪತ್ರೆಯ ಚೆಕ್ಕಿನ ವಿಷಯ ಆಗ ಹೇಳಿದಳು. ಅದರ ಮೇಲೂ ಹೀಗೇ ಬರೆದಿದ್ದರೆ ಎಂದು ಗಾಬರಿಯಾಗಿ ಚೀಲದಿಂದ ರಸೀದಿ ತೆಗೆದು ನೋಡಿದಳು. ಆ ಚೆಕ್ಕಿನ ತಾರೀಖನ್ನು ಆಸ್ಪತ್ರೆಯ ಗುಮಾಸ್ತೆಯೇ ತುಂಬಿದ್ದು, ರಸೀದಿಯಲ್ಲೂ ಅದೇ ಇತ್ತು, ಸರಿಯಾಗಿತ್ತು.

ಕೇಳುತ್ತಿದ್ದಂತೆ ಮಾಸ್ಟರ ಮುಖ ಸಣ್ಣದಾಯಿತು.

"ಬೇಗ ಬಂದ ಗಾಡೀನ ಹೊತ್ತಾಗೋ ತನಕ ಹೊರಗಿನ ಸಿಗ್ನಲ್ಲಲ್ಲೇ ನಿಲ್ಲಿಸ್ಬೇಕು. ಮೂವತ್ನಾಲ್ಕು ವರ್ಷ ಅದೇ ಕೆಲಸ ಮಾಡ್ದೆ. ಇವತ್ತು ನೋಡು, ನೋಡ್ದೇ ಹಸಿರು ತೋರ್ಸಿಬಿಟ್ಟಿದ್ದೆ."

"ತಪ್ಪು ನಂದು ಸರ್."

"ನಂದೂ ಇದೆ, ಅರ್ಧರ್ಧ ಹಂಚ್ಕೊಳ್ಳೋಣ. ಹೊಸ ಚೆಕ್ಕು ಈಗ ಬೇಡ. ಅಮ್ಮನ್ನ ಕರ್ಕೊಂಡು ಬಾ, ಆಮೇಲೆ ಬರ್ದ್ರಾಯ್ತು." ಎದ್ದವರು ತಿರುಗಿ ನಿಂತರು. "ಬುಧವಾರ ಯಾವ ಗಾಡಿಗೆ ಹೋಗ್ತೀರ? ಆರೂ ಹತ್ತರದ್ದಕ್ಕೆ ಹೋಗಿ. ಅದಕ್ಕೆ ಮೆಟ್ಟಿಲು ತಗ್ಗು, ಅಮ್ಮಂಗೆ ಹತ್ತೋಕೆ ಸಲೀಸು."

ಹನ್ನೆರಡು ದಿನ ಕಳೆದು ತಾಯಿ ಮಗಳು ಊರಿಗೆ ಮರಳಿದರು. ಚೀಲವನ್ನೂ ಒಳಗಿಡದೆ ಅವಳು ಅಮ್ಮನನ್ನು ಕರೆದುಕೊಂಡು ನೇರ ಮಾಸ್ಟರ ಮನೆಗೆ ಹೋದಳು. ಅಮ್ಮ ಕಪ್ಪು ಕನ್ನಡಕದಲ್ಲಿ ಕಿಟಕಿಯ ಪಕ್ಕ ಕುಳಿತಳು. ಮಾಸ್ಟರ ಹೆಂಡತಿ ಕಾಫಿ ತಂದಿಡುತ್ತ, "ಯಾವ್ದೋ ಸಿನಿಮಾದವರು ಬಂದ್ರು ಅಂದ್ಕೊಂಡೆ," ಎಂದರು.

ಅವಳು ಗೋಡೆಯ ಕ್ಯಾಲೆಂಡರನ್ನು ನೋಡಿ ನೋಡಿ ಹೊಸ ಚೆಕ್ಕು ಬರೆದಳು. ಮಾಸ್ಟರು ಕೈ ಚಾಚಿದರು. ಅವಳು ಅವರಿಗೆ ಕೊಡದೆ ಅಮ್ಮನಿಗೆ ಕೊಟ್ಟಳು.

"ನೀನು ಓದಮ್ಮ. ನಾನು ಕೇಳ್ತೀನಿ."

ಅಮ್ಮ ಕಪ್ಪು ಕನ್ನಡಕವನ್ನು ಹಣೆಗೆ ಏರಿಸಿದಳು. ದಿನ ಓದಿದಳು, ತಿಂಗಳು ಓದಿದಳು, ವರ್ಷ ಓದಿದಳು.

"ಸರಿ," ಎಂದಳು ಮಗಳು.

ಮಾಸ್ಟರ ಹೆಸರು ಓದಿದಳು. ಮೊತ್ತವನ್ನು ಅಕ್ಷರದಲ್ಲೂ ಅಂಕಿಯಲ್ಲೂ ಓದಿದಳು. ಓದುವುದು ಮುಗಿಯಿತೆಂದು ಮಾಸ್ಟರು ಮತ್ತೆ ಕೈ ಮುಂದೆ ತಂದರು. ಅಮ್ಮ ಅದನ್ನು ಗಮನಿಸಲಿಲ್ಲ. ಚೆಕ್ಕನ್ನು ಬೆಳಕಿಗೆ ಇನ್ನಷ್ಟು ಹತ್ತಿರ ಹಿಡಿದು, ಅಂಚಿನಲ್ಲಿ ಇರುವೆಯ ಸಾಲಿನಂತಿದ್ದ ಸಣ್ಣಕ್ಷರಗಳನ್ನು ಒಂದೊಂದಾಗಿ ಓದತೊಡಗಿದಳು. ಮಾಸ್ಟರು ಕೈ ಹಿಂದಕ್ಕೆ ತೆಗೆದುಕೊಂಡು ಕುರ್ಚಿಯಲ್ಲಿ ಕುಳಿತರು. ಕಾಫಿಯ ಲೋಟವನ್ನು ಸದ್ದಾಗದಂತೆ ಎತ್ತಿಕೊಂಡರು.